ಹಳೇ ವರ್ಡ್ ಫೈಲ್ ತೆರೆದರೆ ಕನ್ನಡದ ಬದಲು ಪೌಂಡ್, ಯೆನ್ ಗುರುತು ಬರ್ತಿದೆ (2003ರ ಪ್ರಬಂಧ) – ಬಹುಪಾಲು ಸರಿಹೋಯ್ತು

ಸೊಸೆ_ತುಮಕೂರು:

ಎಲ್ಲರಿಗೂ ನಮಸ್ಕಾರ. ನಮ್ಮತ್ತೆ 2003ರಲ್ಲಿ ಸೋಬಾನೆ ಪದಗಳ ಮೇಲೆ ಪಿಎಚ್‌ಡಿ ಮಾಡಿದ್ರು. ಈಗ ಒಬ್ಬರು ಪ್ರಕಾಶಕರು ಅದನ್ನ ಪುಸ್ತಕ ಮಾಡ್ತೀವಿ, ಯೂನಿಕೋಡ್‌ನಲ್ಲಿ (ಈಗ ಎಲ್ಲ ಕಂಪ್ಯೂಟರಲ್ಲೂ ನಡೆಯೋ ಅಕ್ಷರ ಪದ್ಧತಿ) ಸಾಫ್ಟ್ ಕಾಪಿ ಕಳಿಸಿ ಅಂದಿದ್ದಾರೆ. ಬೀರುವಿನಲ್ಲಿ ಮದುವೆ ಆಲ್ಬಮ್ ಕೆಳಗೆ ಸಿಡಿ ಸಿಕ್ತು. ಪುಣ್ಯಕ್ಕೆ ಕಾಪಿಯೂ ಆಯ್ತು. ಆದ್ರೆ ಸಂತೋಷ ಅಲ್ಲಿಗೇ ಮುಗೀತು.

ನನ್ನ ಹತ್ರ ಇರೋದು ವಿಂಡೋಸ್ 11, ವರ್ಡ್ 2021. ಏಳು ಅಧ್ಯಾಯ, ಒಂದು ಅನುಬಂಧ. ಎರಡರಿಂದ ಏಳನೇ ಅಧ್ಯಾಯದವರೆಗೆ ಫೈಲ್ ತೆರೆಯುತ್ತೆ, ಒಳಗೆ ಒಂದಕ್ಷರ ಕನ್ನಡ ಇಲ್ಲ. ಒಂದನೇ ಅಧ್ಯಾಯ ತೆರೆಯೋದೇ ಇಲ್ಲ, ಫೈಲ್ ಬ್ಲಾಕ್ ಸೆಟಿಂಗ್ಸ್ ತಡೆದಿದೆ ಅಂತ ಮೆಸೇಜ್. ಅನುಬಂಧಕ್ಕೆ ಇನ್ನೊಂದು ಥರದ ಮೆಸೇಜ್: ಫೈಲಿನ ಫಾರ್ಮ್ಯಾಟಿಗೂ ಅದರ ಎಕ್ಸ್‌ಟೆನ್ಷನ್‌ಗೂ ಹೊಂದಾಣಿಕೆ ಇಲ್ಲವಂತೆ.

ಸ್ಕ್ರೀನ್‌ಶಾಟ್ ಅಪ್‌ಲೋಡ್ ಆಗ್ತಿಲ್ಲ, ಬಾಯಲ್ಲೇ ಹೇಳ್ತೀನಿ. ಎರಡನೇ ಅಧ್ಯಾಯದ ಮೊದಲ ಪದ ಹೀಗಿದೆ: ಸಣ್ಣ ಡಿ, ಪೌಂಡ್ ಗುರುತು, ತಲೆ ಮೇಲೆ ಓರೆಗೀಟು ಇರೋ ದೊಡ್ಡ ಎ, ಜಪಾನಿನ ಯೆನ್ ಗುರುತು, ಮತ್ತೆ ಅದೇ ಗೀಟಿನ ಎ, ಸಣ್ಣ ಜೆಡ್, ಮತ್ತೆ ಎ. ಮುನ್ನೂರು ಪುಟ ಹೀಗೇ ಇದೆ. ಎಲ್ಲ ಸೆಲೆಕ್ಟ್ ಮಾಡಿ ನಿರ್ಮಲಾ ಫಾಂಟ್ ಹಾಕಿದೆ, ಬದಲಾಗಲಿಲ್ಲ. ಲಿಬ್ರೆ ಆಫೀಸಲ್ಲೂ ಮೊಬೈಲಲ್ಲೂ ಇದೇ ಕಥೆ. ಸಿಡಿ ಹಾಳಾಗಿದ್ಯಾ? ಅತ್ತೆಗೆ ಇನ್ನೂ ಹೇಳಿಲ್ಲ.

ಗಿರಿ_ಟೆಕ್:

ವರ್ಷನ್ ಪ್ರಾಬ್ಲಂ ಮೇಡಂ. ಹಳೇ ಕಂಪ್ಯೂಟರ್ ಹುಡುಕಿ ವರ್ಡ್ 2003 ಹಾಕಿ, ತೆರೆಯುತ್ತೆ.

ಹಳೇ_ಡಿಟಿಪಿ:

ಗಿರಿ, ತಡಿ ಮಾರಾಯ. ವರ್ಡ್ 2003 ಹಾಕಿದ್ರೂ ಇದೇ ಪೌಂಡು, ಇದೇ ಯೆನ್ನು ಕಾಣುತ್ತೆ.

ಮೇಡಂ, ಮೊದಲು ಸಮಾಧಾನ ಮಾಡ್ಕೊಳ್ಳಿ. ನೀವು ಬಾಯಲ್ಲಿ ಹೇಳಿದ ಆ ಪದ ನನಗೆ ಓದೋಕೆ ಬರುತ್ತೆ. ಅದು "ಜನಪದ". ಸಿಡಿ ಹಾಳಾಗಿಲ್ಲ, ಫೈಲ್ ಕೆಟ್ಟಿಲ್ಲ, ಅತ್ತೆಯವರು ಟೈಪ್ ಮಾಡಿಸಿದ್ದೆಲ್ಲ ಇದ್ದ ಹಾಗೇ ಇದೆ. ಹದಿನೈದು ವರ್ಷ ಇದೇ ಅಕ್ಷರಗಳ ಜೊತೆ ಬದುಕಿದವನು, ನಂಬಿ.

ವಿಂಡೋಸ್‌ಗೆ ಕನ್ನಡ ಅಂತ ಒಂದು ಭಾಷೆ ಇದೆ ಅಂತ ಗೊತ್ತಾಗಿದ್ದು 2001ರಲ್ಲಿ, ಎಕ್ಸ್‌ಪಿ ಬಂದಾಗ, ತುಂಗಾ ಫಾಂಟಿನ ಜೊತೆ. ಅದಕ್ಕೂ ಮುಂಚೆ, ಆಮೇಲೂ ಬಹಳ ವರ್ಷ, ಡಿಟಿಪಿ ಅಂಗಡಿಗಳಲ್ಲಿ ನಡೆದಿದ್ದು ಒಂದು ವೇಷಗಾರಿಕೆ. ಕಂಪ್ಯೂಟರಿಗೆ ಇಂಗ್ಲಿಷ್ ಅಂತ ಹೇಳೋದು, ಫಾಂಟಿನೊಳಗೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸೋದು. ಪೂರ್ತಿ ಅಕ್ಷರಗಳಲ್ಲ, ಚೂರುಗಳು. ಇರೋ ಇನ್ನೂರು ಚಿಲ್ಲರೆ ಮನೆಗಳಲ್ಲಿ ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಹಿಡಿಸಬೇಕಲ್ಲ! ನಿಮ್ಮ ಪದಾನೇ ತಗೊಳ್ಳಿ. ಪೌಂಡ್ ಗುರುತು ಅಂದ್ರೆ ತಲಕಟ್ಟಿಲ್ಲದ ನ. ಓರೆಗೀಟಿನ ಎ ಅಂದ್ರೆ ತಲಕಟ್ಟು. ಎರಡೂ ಸೇರಿದ್ರೆ "ನ". ಯೆನ್ ಮತ್ತು ತಲಕಟ್ಟು ಸೇರಿದ್ರೆ "ಪ". ಜೆಡ್ ಮತ್ತು ತಲಕಟ್ಟು "ದ". ಶುರುವಿನ "ಜ"ಗೆ ಮಾತ್ರ ಎ ಯಾಕಿಲ್ಲ? ಬರೆದು ನೋಡಿ, ಜಕ್ಕೆ ಬೇರೆ ತಲಕಟ್ಟು ಎಲ್ಲಿದೆ? ಅದಕ್ಕೇ ಒಂದು ಸಣ್ಣ ಡಿ ಸಾಕು.

ನುಡಿ, ಬರಹ ಅಂತ ಎರಡು ಕನ್ನಡ ಟೈಪಿಂಗ್ ತಂತ್ರಾಂಶ ಇವೆ, ಎರಡರ ಹಳೇ ಫಾಂಟುಗಳಲ್ಲೂ ಈ ಹಂಚಿಕೆ ಹೆಚ್ಚುಕಮ್ಮಿ ಒಂದೇ. ಆ ಫಾಂಟ್ ನಿಮ್ಮ ಕಂಪ್ಯೂಟರಲ್ಲಿ ಇಲ್ಲ, ಹಾಗಾಗಿ ವರ್ಡ್ ವೇಷ ಕಳಚಿ ತೋರಿಸ್ತಿದೆ. ನಿರ್ಮಲಾ ಹಾಕಿದ್ರೆ ಏನೂ ಆಗಲ್ಲ, ಯಾಕಂದ್ರೆ ನಿರ್ಮಲಾದಲ್ಲಿ ಪೌಂಡ್ ಅಂದ್ರೆ ಪೌಂಡೇ. ಒಂದು ಪ್ರಶ್ನೆ: ಫಾಂಟ್ ಬದಲಿಸಿದ ಮೇಲೆ ಸೇವ್ ಮಾಡಿಬಿಟ್ರಾ?

ಸೊಸೆ_ತುಮಕೂರು:

ಎರಡನೇ ಅಧ್ಯಾಯ ಸೇವ್ ಆಗಿಹೋಗಿದೆ ಸರ್. ಉಳಿದವು ಇಲ್ಲ. "ಜನಪದ" ಅಂತ ಓದಿದಾಗ ಮೈ ಜುಮ್ ಅಂತು, ಅಧ್ಯಾಯದ ಹೆಸರೇ ಅದರಿಂದ ಶುರು!

ಹಳೇ_ಡಿಟಿಪಿ:

ಸಿಡಿಯಲ್ಲಿ ಮೂಲ ಇದ್ಯಲ್ಲ, ಅದನ್ನೇ ಮತ್ತೆ ಕಾಪಿ ಮಾಡ್ಕೊಳ್ಳಿ. ಮೂಲದ ಒಂದು ಫೋಲ್ಡರ್ ಇಟ್ಟು ಅದನ್ನ ಮುಟ್ಟಲೇಬೇಡಿ. ಫಾಂಟಿನ ಹೆಸರು ನಮಗೆ ಬೇಕು. ಯಾವ ಕನ್ವರ್ಟರ್ (ಹಳೇ ಫಾಂಟಿನ ಪಠ್ಯವನ್ನ ಯೂನಿಕೋಡಿಗೆ ಬದಲಿಸೋ ತಂತ್ರಾಂಶ) ಹಾಕಬೇಕು ಅಂತ ಅದೇ ಹೇಳೋದು.

ಹೆಸರು ನೋಡೋದು ಸುಲಭ. ಪಠ್ಯದ ಮಧ್ಯೆ ಕರ್ಸರ್ ಇಟ್ರೆ ಫಾಂಟಿನ ಡಬ್ಬಿಯಲ್ಲಿ ಬರುತ್ತೆ, ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲದಿದ್ರೂ. ಲಿಬ್ರೆ ಆಫೀಸಲ್ಲಿ ಇಲ್ಲದ ಫಾಂಟಿನ ಹೆಸರು ಓರೆ ಅಕ್ಷರದಲ್ಲಿ ಕಾಣುತ್ತೆ. ವರ್ಡಲ್ಲಿ ಎಲ್ಲ ಒಟ್ಟಿಗೆ ಬೇಕಂದ್ರೆ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಕೆಳಗೆ ಇಳೀರಿ, ಫಾಂಟ್ ಸಬ್‌ಸ್ಟಿಟ್ಯೂಷನ್ ಅಂತ ಬಟನ್ ಇದೆ. ಯಾವ ಫಾಂಟ್ ಕಾಣೆಯಾಗಿದೆ ಅಂತ ಪಟ್ಟಿ ಕೊಡುತ್ತೆ.

"ನುಡಿ 01 ಇ" ಥರದ ಹೆಸರು ಬಂದ್ರೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿ, ಫಾಂಟುಗಳೂ ಅದರ ಜೊತೆ ಬರ್ತವೆ. ಹಾಕಿ ಫೈಲ್ ತೆರೆದ ತಕ್ಷಣ ಕನ್ನಡ ಕಾಣಬೇಕು. ಕಂಡ ಕೂಡಲೇ ಬೇರೆ ಏನೂ ಮಾಡದೆ ಪಿಡಿಎಫ್ ಮಾಡಿಡಿ. ಮುಂದೆ ಕರಡು ತಿದ್ದೋವಾಗ ಸರಿಯಾದ್ದು ಯಾವುದು ಅಂತ ಹೇಳೋಕೆ ಅದೇ ಸಾಕ್ಷಿ.

ಧಾರವಾಡ_ಪೇಢೆ:

ಅಕ್ಕಾರ, ಅನುಬಂಧದ ಫೈಲ್ ಹೆಸರು ಏನೈತ್ರಿ? ಕೊನಿಗೆ ಡಾಕ್ ಐತೋ, ಡಾಕ್ಸ್ ಐತೋ?

ಸೊಸೆ_ತುಮಕೂರು:

ಡಾಕ್ಸ್ ಇದೆ. ಈಗ ಹೊಳೀತು, 2003ರಲ್ಲಿ ಡಾಕ್ಸ್ ಎಲ್ಲಿತ್ತು?

ಧಾರವಾಡ_ಪೇಢೆ:

ಅದನ್ನ ಕೇಳಾಕ ಬಂದೆ ನೋಡ್ರಿ. ಡಾಕ್ಸ್ ಬಂದದ್ದು ವರ್ಡ್ 2007ರ ಜೋಡಿ. ಯಾರೋ ಹೆಸರು ಬದಲ ಮಾಡ್ಯಾರ. ಡಾಕ್ಸ್ ಅಂದ್ರ ಒಳಗ ಜಿಪ್ ಫೈಲ್ ರೀ, ನೋಟ್‌ಪ್ಯಾಡ್‌ನಾಗ ತೆರೆದ್ರ ಮೊದಲಿಗೆ ಪಿ, ಕೆ ಅಂತ ಎರಡು ಅಕ್ಷರ ಇರಬೇಕು. ಜಿಪ್ ಕಂಡುಹಿಡದ ಫಿಲ್ ಕ್ಯಾಟ್ಜ್ ಅವರ ಹೆಸರಿನ ಗುರುತು ಅದು. ಹಳೇ ಡಾಕ್ ಹಂಗಲ್ಲ. ಹೆಕ್ಸ್ ಎಡಿಟರ್‌ನಾಗ ನೋಡಿದ್ರ ಡಿ0 ಸಿಎಫ್ 11 ಇ0 ಅಂತ ಶುರು. ಇಂಗ್ಲಿಷ್‌ನಾಗ ಬರದು ಕಣ್ಣು ಸ್ವಲ್ಪ ಕಿರಿದು ಮಾಡಿ ಓದ್ರಿ, "ಡಾಕ್‌ಫೈಲ್" ಅಂದಂಗ ಕಾಣ್ತೈತಿ. ಮಾಡಿದವ್ರು ಬೇಕಂತನ ಹಂಗ ಇಟ್ಟಾರ.

ಎಕ್ಸ್‌ಪ್ಲೋರರ್‌ನಾಗ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಟಿಕ್ ಮಾಡ್ರಿ. ಕೊನೀ ಎಕ್ಸ್ ಅಳಿಸ್ರಿ. ಅಷ್ಟ.

ಸೊಸೆ_ತುಮಕೂರು:

ತೆರೀತು!! ಪಿಕೆ ಇರಲಿಲ್ಲ. ಮೈದುನನ ಕೆಲಸ. "ಹೊಸ ವರ್ಷನ್ ಆಗ್ಲಿ ಅಂತ ಹೆಸರು ಬದಲಿಸಿದ್ದೆ ಅತ್ತಿಗೆ" ಅಂತಾನೆ. ಬೋರ್ಡ್ ಬದಲಿಸಿದ್ರೆ ಹೋಟೆಲ್ ತಿಂಡಿ ಬದಲಾಗುತ್ತಾ?

ನುಡಿ ಹಾಕಿದೆ. ಎರಡರಿಂದ ಏಳು ಎಲ್ಲ ಕನ್ನಡದಲ್ಲಿ ಬಂತು, ಪಿಡಿಎಫ್ ಮಾಡಿಟ್ಟೆ. ಒಂದನೇ ಅಧ್ಯಾಯ ಮಾತ್ರ ಇನ್ನೂ ಬ್ಲಾಕ್. ಅತ್ತೆ ಹೇಳೋ ಪ್ರಕಾರ ಅದು ಅವರ ಎಂ.ಫಿಲ್‌ನಿಂದ ತಂದಿದ್ದು, ಇನ್ನೂ ಹಳೇದು, ಬೇರೆ ಅಂಗಡಿಯಲ್ಲಿ ಟೈಪ್ ಆಗಿದ್ದು.

ಹಳೇ_ಡಿಟಿಪಿ:

ಹಾಗಾದ್ರೆ ಅದು ವರ್ಡ್ 95 ಅಥವಾ 6.0ರ ಫೈಲ್. ಎಕ್ಸ್‌ಟೆನ್ಷನ್ ಅದೇ ಡಾಕ್ ಆದ್ರೂ ವರ್ಡ್ 97ರಲ್ಲಿ ಒಳಗಿನ ಕಟ್ಟಡವೇ ಬದಲಾಯ್ತು. ಅಷ್ಟು ಹಳೇ ಫೈಲುಗಳ ಮೂಲಕ ವೈರಸ್ ನುಗ್ಗಬಹುದು ಅಂತ ಹೊಸ ವರ್ಡ್ ತಡೆಯುತ್ತೆ. ಫೈಲ್, ಆಪ್ಷನ್ಸ್, ಟ್ರಸ್ಟ್ ಸೆಂಟರ್, ಟ್ರಸ್ಟ್ ಸೆಂಟರ್ ಸೆಟಿಂಗ್ಸ್, ಫೈಲ್ ಬ್ಲಾಕ್ ಸೆಟಿಂಗ್ಸ್. ಅಲ್ಲಿ ಹಳೇ ವರ್ಷನ್‌ಗಳ ಮುಂದೆ ಓಪನ್ ಕಾಲಂನ ಟಿಕ್ ತೆಗೀರಿ. ಕೆಲಸ ಆದ ಮೇಲೆ ಮರೀದೆ ವಾಪಸ್ ಹಾಕಿ. ನಾನಾಗಿದ್ರೆ ಅದರ ತಂಟೆಗೇ ಹೋಗ್ತಿರಲಿಲ್ಲ. ಲಿಬ್ರೆ ಆಫೀಸ್ ಇದೆ ಅಂದ್ರಲ್ಲ, ಅದರಲ್ಲೇ ತೆರೆದು ಹೊಸ ಹೆಸರಲ್ಲಿ ಸೇವ್ ಮಾಡಿ.

ಈಗ ನಿಜವಾದ ಕೆಲಸ, ಯೂನಿಕೋಡಿಗೆ ತರೋದು. ಕಣ್ಣಿಗೆ ಕನ್ನಡ ಕಂಡ ಮಾತ್ರಕ್ಕೆ ಪ್ರಕಾಶಕರಿಗೆ ಸಾಲದು, ಒಳಗೆ ಇನ್ನೂ ಪೌಂಡೇ ಇರೋದು. ಅನುಮಾನ ಇದ್ರೆ ಕನ್ನಡ ಕೀಬೋರ್ಡಲ್ಲಿ "ಜನಪದ" ಅಂತ ಹೊಡೆದು ಹುಡುಕಿ ನೋಡಿ, ಒಂದೂ ಸಿಗಲ್ಲ.

ಕನ್ವರ್ಟರ್ ನುಡಿಯ ಜೊತೆಗೂ ಬರುತ್ತೆ, ಆನ್‌ಲೈನಲ್ಲೂ ಇವೆ. ಆದ್ರೆ ಸುಮ್ಮನೆ ಎಲ್ಲ ಕಾಪಿ ಮಾಡಿ ಸುರೀಬೇಡಿ. ಪ್ರಬಂಧ ಅಂದ್ಮೇಲೆ ಗ್ರಂಥಋಣದಲ್ಲಿ ಇಂಗ್ಲಿಷ್ ಇದ್ದೇ ಇರುತ್ತೆ. ಬರೀ ಅಕ್ಷರ ನೋಡೋ ಕನ್ವರ್ಟರಿಗೆ ಯಾವುದು ನಿಜವಾದ ಇಂಗ್ಲಿಷು, ಯಾವುದು ವೇಷದ್ದು ಅಂತ ತಿಳಿಯಲ್ಲ, ಪಾಪ ಎಲ್ಲಾನೂ ಕನ್ನಡ ಮಾಡಿ ಕೊಡುತ್ತೆ. ಅದಕ್ಕೆ ಮೊದಲು ಒಂದು ಇಂಗ್ಲಿಷ್ ಪದದ ಮೇಲೆ ಕರ್ಸರ್ ಇಟ್ಟು, ಹೋಮ್‌ನಲ್ಲಿ ಸೆಲೆಕ್ಟ್ ಬಟನ್ ಒತ್ತಿ, ಅದೇ ಥರದ ಫಾರ್ಮ್ಯಾಟಿಂಗ್ ಇರೋ ಪಠ್ಯವನ್ನೆಲ್ಲ ಆರಿಸೋ ಆಯ್ಕೆ ಕೊಡಿ. ಎಲ್ಲಕ್ಕೂ ಕೆಂಪು ಬಣ್ಣ ಬಳೀರಿ. ಕೆಂಪು ಬಿಟ್ಟು ಉಳಿದದ್ದನ್ನ ತುಂಡು ತುಂಡಾಗಿ ಕನ್ವರ್ಟ್ ಮಾಡಿ. ಅಡಿಟಿಪ್ಪಣಿಗಳನ್ನ ಒಂದೊಂದೇ ಕೈಯಲ್ಲೇ ತರಬೇಕು. ಬೇಜಾರಿನ ಕೆಲಸ, ಒಪ್ತೀನಿ.

ಸೊಸೆ_ತುಮಕೂರು:

ಲಿಬ್ರೆ ಆಫೀಸಲ್ಲಿ ಒಂದನೇ ಅಧ್ಯಾಯ ತೆರೀತು, ಆದ್ರೆ ನುಡಿ ಫಾಂಟ್ ಹಾಕಿದ್ರೂ ಅರ್ಥವಿಲ್ಲದ ಕನ್ನಡ ಬರ್ತಿದೆ. ಅಕ್ಷರಗಳೇನೋ ನಮ್ಮವೇ, ಒಂದು ಪದವೂ ಪದ ಅಲ್ಲ. ಫಾಂಟ್ ಹೆಸರು "ಶ್ರೀ-ಕನ್" ಅಂತ ಶುರುವಾಗಿ ಮುಂದೆ ನಂಬರ್ ಇದೆ.

ಇನ್ನೊಂದು ವಿಚಿತ್ರ. ಎರಡನೇ ಅಧ್ಯಾಯ ಕನ್ವರ್ಟ್ ಮಾಡಿದ್ರೆ ಮೊದಲ ಪದವೇ "ಆನಪದ" ಅಂತ ಬಂತು. ಒಳಗಡೆ "ಜನಪದ" ಎಲ್ಲ ಕಡೆ ಸರಿ ಇದೆ. ಕನ್ವರ್ಟರ್‌ದೇ ದೋಷಾನಾ?

ಹಳೇ_ಡಿಟಿಪಿ:

ಹ್ಹಹ್ಹ, ಆನಪದ! ಎಷ್ಟು ದಿನ ಆಗಿತ್ತು ಇದನ್ನ ನೋಡಿ.

ಕನ್ವರ್ಟರ್ ತಪ್ಪಲ್ಲ ಮೇಡಂ. ನೀವು ಆ ಪದದ ಹಿಂದೆ ಮುಂದೆ ಎಲ್ಲೋ ಸ್ಪೇಸ್ ಕೊಟ್ಟು ಸರಿ ಮಾಡಿದ್ದೀರಿ, ಅಲ್ವಾ? ವರ್ಡ್ ಕಣ್ಣಿಗೆ ಅದು ಇಂಗ್ಲಿಷ್ ವಾಕ್ಯ. ವಾಕ್ಯದ ಮೊದಲಕ್ಷರ ಕ್ಯಾಪಿಟಲ್ ಇರಬೇಕು ಅಂತ ಆಟೋಕರೆಕ್ಟ್ ಸಣ್ಣ ಡಿಯನ್ನ ದೊಡ್ಡ ಡಿ ಮಾಡಿಬಿಡ್ತು. ಸಣ್ಣ ಡಿ "ಜ", ದೊಡ್ಡ ಡಿ "ಆ". ಹೀಗೇ ಸಣ್ಣ ಜಿ ರಕಾರ, ದೊಡ್ಡ ಜಿ "ಉ". ನಮ್ಮ ಅಂಗಡಿಯಲ್ಲಿ ಹೊಸ ಹುಡುಗ ಸೇರಿದ ದಿನ ಮೊದಲ ಪಾಠವೇ ಆಟೋಕರೆಕ್ಟ್ ಆಫ್ ಮಾಡೋದು. ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್. ಅಲ್ಲಿರೋ ಟಿಕ್ ಎಲ್ಲ ತೆಗೀರಿ. ಅಲ್ಲೇ ಆಟೋಫಾರ್ಮ್ಯಾಟ್ ಆಸ್ ಯು ಟೈಪ್ ಅನ್ನೋ ಟ್ಯಾಬಲ್ಲಿ ನೇರ ಉದ್ಧರಣ ಚಿಹ್ನೆಯನ್ನ ಬಾಗಿದ್ದಾಗಿ ಬದಲಿಸೋದು ಒಂದಿದೆ, ಅದನ್ನೂ.

ಶ್ರೀ-ಕನ್ ಅಂದ್ರೆ ಶ್ರೀಲಿಪಿ, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರದ್ದು. ಆಗಿನ ಕಾಲಕ್ಕೆ ಬಹಳ ಅಂಗಡಿಗಳಲ್ಲಿ ಇದ್ದಿದ್ದು ಅದೇ, ಅಚ್ಚಿಗೆ ಅಕ್ಷರ ಚೆನ್ನಾಗಿ ಬರೋದು. ಅದರ ಹಂಚಿಕೆಯೇ ಬೇರೆ, ನುಡಿಯ ಕೀಲಿಕೈ ಆ ಬೀಗಕ್ಕೆ ಹೊಂದಲ್ಲ. ಶ್ರೀಲಿಪಿ ಇನ್ನೂ ಇಟ್ಟುಕೊಂಡಿರೋ ಡಿಟಿಪಿಯವರು ನಿಮ್ಮೂರಲ್ಲೇ ಸಿಗ್ತಾರೆ. ಅದರಲ್ಲೇ ಇರೋ ಕನ್ವರ್ಟರಿಂದ ಹತ್ತು ನಿಮಿಷದಲ್ಲಿ ಮಾಡಿಕೊಡ್ತಾರೆ.

ಮೈಸೂರು_ಕರಡು:

ನಾನು ಕರಡು ತಿದ್ದೋಳು, ಒಂದೆರಡು ಮಾತು. ಕನ್ವರ್ಟ್ ಆದ ಮೇಲೆ ಅರ್ಕಾವತ್ತು ಇರೋ ಪದಗಳನ್ನ ಮೊದಲು ನೋಡಿ: ವರ್ಷ, ಸೂರ್ಯ, ಕರ್ನಾಟಕ. ಹಳೇ ಫಾಂಟಲ್ಲಿ ಅರ್ಕಾವತ್ತನ್ನ ಕಣ್ಣಿಗೆ ಕಾಣೋ ಕ್ರಮದಲ್ಲಿ, ಅಂದ್ರೆ ಅಕ್ಷರ ಆದ ಮೇಲೆ ಹೊಡೀತಿದ್ರು. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳೋ ಕ್ರಮ, ರಕಾರ ಮೊದಲು. ಕನ್ವರ್ಟರ್ ಅದನ್ನ ಎತ್ತಿ ಹಿಂದಕ್ಕೆ ಇಡಬೇಕು, ಕೆಲವು ಸಲ ತಪ್ಪಿ ಪಕ್ಕದ ಮನೆಗೆ ಇಟ್ಟುಬಿಡುತ್ತೆ.

ಇನ್ನೊಂದು, ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಅಂಟೋದು. "ಎಂ.ಫಿಲ್‌ನಲ್ಲಿ" ಅಂತ ಇದ್ದಿದ್ದು "ಎಂ.ಫಿಲ್ನಲ್ಲಿ" ಆಗಿರುತ್ತೆ. ಮಧ್ಯೆ ಕಾಣದ ಒಂದು ಅಕ್ಷರ ಹಾಕಿ ಬಿಡಿಸಬೇಕು, ನುಡಿ ಕೀಬೋರ್ಡಲ್ಲಿ ಅದಕ್ಕೆ ಕೀಲಿ ಇದೆ. ಅತ್ತೆಯವರದ್ದು ಹಾಡುಗಳೇ ಜಾಸ್ತಿ ಅಂದ್ರೆ ಇಂಗ್ಲಿಷ್ ಪದ ಕಮ್ಮಿ, ಈ ಕಾಟ ಕಮ್ಮಿ. ಮುನ್ನುಡಿಯಲ್ಲಿ ಹುಡುಕಿ.

ಸೊಸೆ_ತುಮಕೂರು:

ಎರಡು ವಾರ ಆಯ್ತು, ಹೇಳಿ ಹೋಗೋಣ ಅಂತ ಬಂದೆ. ಎರಡರಿಂದ ಏಳು ಮತ್ತು ಅನುಬಂಧ ಮುಗೀತು. ಆಟೋಕರೆಕ್ಟ್ ತೆಗೆದ ಮೇಲೆ ಆನಪದ ಬರಲಿಲ್ಲ. ಅರ್ಕಾವತ್ತು ಹನ್ನೊಂದು ಕಡೆ ಕೆಟ್ಟಿತ್ತು, ಪಿಡಿಎಫ್ ಪಕ್ಕಕ್ಕಿಟ್ಟು ಸರಿ ಮಾಡಿದೆ.

ನಿನ್ನೆ ನಾಲ್ಕನೇ ಅಧ್ಯಾಯ ಅತ್ತೆಯ ಮೊಬೈಲಿಗೆ ಕಳಿಸಿ, ತಪ್ಪಿದ್ರೆ ಹೇಳಿ ಅಂದೆ. ಕನ್ನಡಕ ಏರಿಸಿಕೊಂಡು ರಾತ್ರಿ ಹನ್ನೊಂದರವರೆಗೆ ಓದಿದ್ರು. ಒಂದು ಕಡೆ ಬೆರಳಿಟ್ಟು, "ಇದು ನಿನ್ನ ಕಂಪ್ಯೂಟರ್ ತಪ್ಪಲ್ಲ ಕಣಮ್ಮ, ಅವತ್ತಿನ ಟೈಪಿಸ್ಟ್‌ದು. 'ಹಸೆ' ಅಂತ ಬರೆದುಕೊಟ್ರೆ 'ಹಸು' ಮಾಡಿದ್ದ. ಆಗಲೇ ಹೇಳಿದ್ದೆ, ತಿದ್ದಲಿಲ್ಲ" ಅಂದ್ರು. ಪಿಡಿಎಫ್ ತೆಗೆದು ನೋಡಿದೆ. ಹಸುವೇ ಇತ್ತು.

ಶ್ರೀಲಿಪಿ ಇರೋ ಅಂಗಡಿಯವರು ಸೋಮವಾರ ಬನ್ನಿ ಅಂದಿದ್ದಾರೆ.

ಹಳೇ_ಡಿಟಿಪಿ:

ಸೋಮವಾರ ಹೋಗೋವಾಗ ಪೆನ್‌ಡ್ರೈವಲ್ಲಿ ಮೂಲ ಫೈಲ್ ತಗೊಂಡು ಹೋಗಿ, ಲಿಬ್ರೆ ಆಫೀಸಲ್ಲಿ ಸೇವ್ ಮಾಡಿದ್ದೂ ಇರಲಿ. ಅವರದು ಹಳೇ ವರ್ಡ್ ಆಗಿದ್ರೆ ನಿಮ್ಮ ಡಾಕ್ಸ್ ಅವರಲ್ಲಿ ತೆರೆಯಲ್ಲ!