ಸಹಾಯ ಬೇಕು: ಟಿಸಿಐ (ವ್ಯಕ್ತಿತ್ವ ಅಳೆಯೋ ಪ್ರಶ್ನಾವಳಿ) ಬಳಸಿದೋರು ಯಾರಾದ್ರೂ ಇದ್ದೀರಾ?

ನಮಸ್ಕಾರ ಎಲ್ರಿಗೂ, ಎಂಎಸ್ಸಿ ಸೈಕಾಲಜಿ ಪ್ರಾಜೆಕ್ಟ್‌ಗೆ ಸೈಕಿಯಾಟ್ರಿಸ್ಟ್ ಕ್ಲೋನಿಂಜರ್ ಅವ್ರ ವ್ಯಕ್ತಿತ್ವದ ಥಿಯರಿ ತಗೊಂಡಿದೀನಿ, ಟಿಸಿಐ ಅದರ ಮೇಲೇ ಮಾಡಿದ್ದು. 1987ರಲ್ಲಿ ಅವ್ರು ಹೊಸದನ್ನ ಹುಡುಕೋ ಸ್ವಭಾವಕ್ಕೆ ಡೋಪಮೈನ್, ಅಪಾಯ ಕಂಡ್ರೆ ಹಿಂಜರಿಯೋದಕ್ಕೆ ಸೆರೊಟೋನಿನ್ ಅಂತ ಮೆದುಳಿನ ರಾಸಾಯನಿಕಗಳನ್ನ ಜೋಡಿಸಿದ್ರು, ಓದೋಕೆ ಚೆನ್ನಾಗೇ ಇದೆ, ಆದ್ರೆ 1996ರಲ್ಲಿ ಸದ್ದು ಮಾಡಿದ, ಡಿಆರ್‌ಡಿ4 ಅನ್ನೋ ಡೋಪಮೈನ್ ಜೀನ್‌ಗೂ ಹೊಸದನ್ನ ಹುಡುಕೋ ಸ್ವಭಾವಕ್ಕೂ ನಂಟಿದೆ ಅನ್ನೋ ರಿಸಲ್ಟ್ ಆಮೇಲೆ ಎಷ್ಟೋ ಸ್ಟಡಿಗಳಲ್ಲಿ ಬರ್ಲೇ ಇಲ್ಲ, ಕ್ಯಾರೆಕ್ಟರ್‌ಗೆ (ಥಿಯರಿ ಪ್ರಕಾರ ಬೆಳೀತಾ ರೂಪಿಸಿಕೊಳ್ಳೋ ಗುಣಗಳು) ಜೀನ್ ಪಾತ್ರ ಕಮ್ಮಿ ಅನ್ನೋದೂ ಅವಳಿಗಳ ಸ್ಟಡಿಗಳಲ್ಲಿ ನಿಂತಿಲ್ಲ. ಹಂಗಾದ್ರೆ ಟಿಸಿಐ ಸ್ಕೋರನ್ನ ಬಯಾಲಜಿ ಅಂತ ಬರೀಬೋದಾ, ಇಲ್ಲ ಬರೀ ಸ್ವಭಾವದ ವರ್ಣನೆ ಅಂತ ಬಿಡೋದಾ? ನಂಗಂತೂ ಎರಡನೇದೇ ಸರಿ ಅನ್ಸುತ್ತೆ, ಗೈಡ್ ಒಪ್ತಿಲ್ಲ. ಇನ್ನೊಂದು, 240 ಪ್ರಶ್ನೆ ಅಂದ್ರೆ ಡಿಗ್ರಿ ಹುಡುಗ್ರು ಕೂತು ತುಂಬಲ್ಲ (ಅರ್ಧ ಆದ್ಮೇಲೆ ಸುಮ್ನೆ ಟಿಕ್ ಹಾಕ್ತಾರೆ ಅಷ್ಟೇ), 140 ಪ್ರಶ್ನೆದು ಬಳಸಿದೋರು ಇದ್ರೆ ಹೆಂಗಿತ್ತು, ಪರ್ಮಿಷನ್ ಹೆಂಗೆ ತಗೊಂಡ್ರಿ ಹೇಳಿ ಪ್ಲೀಸ್