‘ಅನುದಾನ’ ಯಾರಿಗೆ? ಸಂಶೋಧನಾ ಅರ್ಜಿಯ ಕನ್ನಡ ಪುಟಗಳ ಕೆಲವು ಪದಗಳು

ಪದಚರ್ಚೆಯ ಬಳಗದ ಎಲ್ಲರಿಗೂ ನಮಸ್ಕಾರ.

ಒಂದೇ ಪದದ ಬಗ್ಗೆ ಕೇಳೋಣವೆಂದು ಕುಳಿತೆ. ಅದರ ಹಿಂದೆಯೇ ಇನ್ನು ಮೂರ್ನಾಲ್ಕು ಪದಗಳು ಎದ್ದು ಬಂದವು. ಪತ್ರ ಉದ್ದವಾದದ್ದಕ್ಕೆ ಕ್ಷಮೆಯಿರಲಿ. ಮುಖ್ಯ ಪ್ರಶ್ನೆ ‘ಅನುದಾನ’ದ್ದು.

ಮೊದಲು ಸಂದರ್ಭ ಹೇಳುತ್ತೇನೆ. ವೈದ್ಯಕೀಯ ಕಾಲೇಜೊಂದರ ಸಮುದಾಯ ವೈದ್ಯಶಾಸ್ತ್ರ ವಿಭಾಗದವರಿಗೆ ನಾನು ಕನ್ನಡದ ಬರವಣಿಗೆಯಲ್ಲಿ ನೆರವಾಗುತ್ತೇನೆ. ಅವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೋ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಗೋ ಸಂಶೋಧನೆಗಾಗಿ ಹಣ ಕೇಳಿ ಅರ್ಜಿ ಹಾಕುವಾಗ ಉದ್ದೇಶ, ವಿಧಾನ, ಖರ್ಚಿನ ಅಂದಾಜು ಎಲ್ಲವನ್ನೂ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಅಲ್ಲಿ ನನಗೆ ಕೆಲಸವಿಲ್ಲ. ಆದರೆ ಮನುಷ್ಯರ ಮೇಲೆ ನಡೆಯುವ ಅಧ್ಯಯನವಾದರೆ ಅದನ್ನು ಕಾಲೇಜಿನ ನೈತಿಕ ಸಮಿತಿಯು, ಅಂದರೆ ಎಲ್ಲರ ಬಾಯಲ್ಲಿರುವ ಎಥಿಕ್ಸ್ ಕಮಿಟಿಯು, ಒಪ್ಪಬೇಕು. ಆ ಸಮಿತಿಯ ಮುಂದಿಡುವ ಮಾಹಿತಿ ಪತ್ರವೂ ಸಮ್ಮತಿ ಪತ್ರವೂ ಅಧ್ಯಯನಕ್ಕೆ ಸೇರುವ ಜನರ ಭಾಷೆಯಲ್ಲಿರಬೇಕು. ಆ ನಾಲ್ಕೈದು ಪುಟ ನನ್ನ ಪಾಲಿಗೆ ಬರುತ್ತದೆ. ನಾನು ಕನ್ನಡಕ್ಕೆ ತಂದದ್ದನ್ನು ಇಂಗ್ಲಿಷ್ ಮೂಲವನ್ನು ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡೂ ಇಂಗ್ಲಿಷ್ ಪ್ರತಿಗಳು ತಾಳೆಯಾದರೆ ನನ್ನ ಕನ್ನಡ ಪಾಸಾದಂತೆ. ಈ ತಾಳೆ ನೋಡುವ ಪದ್ಧತಿಯೇ ನನ್ನ ತಕರಾರಿನ ಮೂಲ.

ಜನರ ರಕ್ತದ ಮಾದರಿ ಕೇಳುವವರು ಅದಕ್ಕೆ ಖರ್ಚು ಮಾಡುವವರು ಯಾರೆಂಬುದನ್ನೂ ಹೇಳಬೇಕು. ಹಣದ ಮೂಲವನ್ನು ಸೇರುವವರಿಗೆ ತಿಳಿಸಬೇಕೆಂದು, ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೀತಿಗಳನ್ನು ಹೇಳುವ ಅಂತರರಾಷ್ಟ್ರೀಯ ಹೆಲ್ಸಿಂಕಿ ಘೋಷಣೆಯೂ ಹೇಳುತ್ತದೆ. ಹಾಗಾಗಿ ಮಂಗನ ಕಾಯಿಲೆಯ ಕುರಿತ ಒಂದು ಅಧ್ಯಯನದ ಮಾಹಿತಿ ಪತ್ರದಲ್ಲಿ ನಾನು ಹೀಗೆ ಬರೆದಿದ್ದೆ: “ಈ ಅಧ್ಯಯನಕ್ಕೆ ಕೇಂದ್ರ ಸರ್ಕಾರದ ಅನುದಾನ ದೊರೆತಿರುತ್ತದೆ.” ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ, ನಿಘಂಟಿನ ತಪ್ಪೂ ಇಲ್ಲ. ತಿರುಗಿಸಿದವರು ಅದನ್ನು ಮೂಲದಲ್ಲಿದ್ದ ‘ಗ್ರಾಂಟ್’ ಎಂಬ ಇಂಗ್ಲಿಷ್ ಪದಕ್ಕೇ ಸರಿಯಾಗಿ ತಲುಪಿಸಿದರು. ಸಮಿತಿ ಒಪ್ಪಿತು.

ಮಲೆನಾಡಿನ ಒಂದು ಊರಿನಲ್ಲಿ ಅದನ್ನು ಓದಿ ಹೇಳುವಾಗ ನಾನೂ ಜೊತೆಯಲ್ಲಿದ್ದೆ. ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಕುಳಿತು ಕೇಳಿಸಿಕೊಂಡ ಅಜ್ಜಿಯೊಬ್ಬರು ಓದು ಮುಗಿಯುವ ಮೊದಲೇ ಒಳಗೆ ಹೋದರು. ಬೇಸರವಾಯಿತೇನೋ ಎಂದುಕೊಂಡೆವು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಬ್ಯಾಂಕಿನ ಪಾಸ್‌ಬುಕ್ಕನ್ನು ಹಿಡಿದು ಹೊರಗೆ ಬಂದವರು, ಓದುತ್ತಿದ್ದ ಹುಡುಗಿಯನ್ನು ಕೇಳಿದರು: “ಅನುದಾನ ಬಂದದೆ ಅಂದ್ಯಲ್ಲ ತಂಗಿ, ಅದು ಖಾತೆಗೆ ಹಾಕ್ತಾರಾ, ಕೈಲೇ ಕೊಡ್ತಾರಾ?” ಹಣ ಅವರಿಗೆ ಬರುವುದಲ್ಲ, ರಕ್ತ ಪರೀಕ್ಷೆಯ ಸಾಮಗ್ರಿಗೆ, ಕೆಲಸದವರ ಸಂಬಳಕ್ಕೆ, ಜೀಪಿನ ಡೀಸೆಲ್ಲಿಗೆ ಬರುವುದು ಎಂದು ವಿವರಿಸಿದ ಮೇಲೆ ಅವರೇನೂ ಕೋಪಿಸಿಕೊಳ್ಳಲಿಲ್ಲ. “ಹಂಗಾರೆ ರಕ್ತ ನಂದು, ದುಡ್ಡು ನಿಮ್ದು” ಎಂದು ಪಾಸ್‌ಬುಕ್ಕನ್ನು ಮತ್ತೆ ಕವರಿಗೆ ಸೇರಿಸಿದರು. ನಾನು ಎರಡು ಪುಟದಲ್ಲಿ ಹೇಳಲಾಗದ್ದನ್ನು ಅವರು ಐದು ಪದಗಳಲ್ಲಿ ಹೇಳಿದ್ದರು.

ತಪ್ಪು ಅಜ್ಜಿಯದಲ್ಲ. ಕನ್ನಡದಲ್ಲಿ ‘ಅನುದಾನ’ ಇಂದು ಬದುಕಿರುವುದೇ ಆ ಅರ್ಥದಲ್ಲಿ. ಪಂಚಾಯಿತಿಗೆ ಅನುದಾನ ಬರುತ್ತದೆ, ರಸ್ತೆಗೆ ಶಾಸಕರ ಅನುದಾನ ಬರುತ್ತದೆ, ಸಮುದಾಯ ಭವನಕ್ಕೆ ಅನುದಾನ ಬಿಡುಗಡೆಯಾಗುತ್ತದೆ. ಎಲ್ಲ ಕಡೆಯೂ ಅದು ಸರ್ಕಾರದಿಂದ ಹೊರಟು ಊರಿಗೆ ತಲುಪುವ ಹಣ. ಸರ್ಕಾರದಿಂದ ಹೊರಟು ಸಂಶೋಧಕರ ಕೈಗೆ ತಲುಪುವ, ಅಷ್ಟರಮಟ್ಟಿಗೆ ಊರನ್ನು ಬಳಸಿಕೊಂಡು ಹೋಗುವ ಹಣಕ್ಕೂ ಅದೇ ಹೆಸರೆಂದು ಊರಿನವರು ಏಕೆ ಊಹಿಸಬೇಕು? ಹಣ ಬರುತ್ತದೆಂದು ನಂಬಿ ಹೆಬ್ಬೆಟ್ಟು ಒತ್ತಿದವರ ಸಮ್ಮತಿಯನ್ನು ಸಮ್ಮತಿ ಎನ್ನಲಾಗುವುದಿಲ್ಲ. ಆದ್ದರಿಂದ ಇದನ್ನು ಬರಿಯ ಪದದ ಸೊಗಸಿನ ಪ್ರಶ್ನೆಯೆಂದು ಭಾವಿಸಬಾರದೆಂದು ಕೋರುತ್ತೇನೆ.

ಬೇರೆ ಪದಗಳನ್ನು ಹಾಕಿ ನೋಡಿದೆ. ‘ಸಹಾಯಧನ’ ಇನ್ನೂ ಅಪಾಯಕಾರಿ. ಹನಿ ನೀರಾವರಿಗೆ, ಟಿಲ್ಲರಿಗೆ ರೈತರಿಗೆ ಸಿಗುವ ಸಬ್ಸಿಡಿಗೆ ಆ ಪದ ಅಂಟಿಕೊಂಡಿದೆ. ‘ಸಹಾಯಾನುದಾನ’ ಆಯವ್ಯಯದ ಪುಸ್ತಕದಿಂದ ಹೊರಗೆ ಬಂದು ಯಾರ ಬಾಯಲ್ಲೂ ಕೂತದ್ದನ್ನು ನಾನು ಕೇಳಿಲ್ಲ. ‘ಧನಸಹಾಯ’ಕ್ಕೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದಿಂದ ಒಂದು ಘನತೆ ಬಂದಿದೆ (ಅದನ್ನೂ ಕೆಲವರು ಅನುದಾನ ಆಯೋಗವೆನ್ನುತ್ತಾರೆ), ಆದರೆ ಪತ್ರಿಕೆಯಲ್ಲಿ ‘ಧನಸಹಾಯಕ್ಕೆ ಮನವಿ’ ಎಂದಾಗ ಕಣ್ಣಿಗೆ ಬರುವುದು ಶಸ್ತ್ರಚಿಕಿತ್ಸೆಗೆ ಹಣವಿಲ್ಲದ ರೋಗಿಯ ಫೋಟೋ. ಆಸ್ಪತ್ರೆಯ ಹಿನ್ನೆಲೆಯಲ್ಲಂತೂ ಈ ಗೊಂದಲ ಖಚಿತ.

ನನಗೆ ಪ್ರಿಯವಾದದ್ದು ‘ದತ್ತಿ’. ಶಾಸನಗಳಲ್ಲಿ ‘ಬಿಟ್ಟ ದತ್ತಿ’ಯಾಗಿ ನಿಂತು, ಇಂದಿಗೂ ದತ್ತಿ ಉಪನ್ಯಾಸಗಳಲ್ಲೂ ಧಾರ್ಮಿಕ ದತ್ತಿ ಇಲಾಖೆಯಲ್ಲೂ ಉಳಿದಿರುವ ಪದವಿದು. ಆದರೆ ಅರ್ಥ ಹೊಂದುವುದಿಲ್ಲ. ದತ್ತಿಯ ಮೂಲಧನ ಹಾಗೆಯೇ ಇದ್ದು ಅದರ ಆದಾಯದಿಂದ ಕೆಲಸ ನಡೆಯಬೇಕು. ಸಂಶೋಧನೆಗೆ ಬಂದ ಹಣವನ್ನಾದರೋ ಅವಧಿಯೊಳಗೆ ಖರ್ಚು ಮಾಡಿ ಲೆಕ್ಕ ಒಪ್ಪಿಸಬೇಕು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಹಣ ಬಳಕೆ ಪ್ರಮಾಣಪತ್ರವನ್ನು 12-ಎ ನಮೂನೆಯಲ್ಲಿ ಕೊಡಬೇಕು. ಹಣ ಬ್ಯಾಂಕಿನಲ್ಲಿದ್ದಾಗ ಹುಟ್ಟಿದ ಬಡ್ಡಿಯನ್ನೂ ಭಾರತದ ಸಂಚಿತ ನಿಧಿಗೆ ಹಿಂದಿರುಗಿಸಬೇಕು. ಶಾಸನಗಳ ಕೊನೆಯಲ್ಲಿ, ಕೊಟ್ಟ ದತ್ತಿಯನ್ನು ಕಿತ್ತುಕೊಂಡವರು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವರೆಂಬ ಶಾಪವಿರುತ್ತದೆ. ಬಡ್ಡಿಸಮೇತ ಹಿಂದೆ ಪಡೆಯುವ ಹಣವನ್ನು ದತ್ತಿಯೆಂದರೆ ಹಣಕಾಸು ಇಲಾಖೆಯವರ ಗತಿಯೇನು? ಅದೇ ಕಾರಣಕ್ಕೆ ‘ಅನುದಾನ’ದೊಳಗಿನ ‘ದಾನ’ವೂ ನನಗೆ ಹಿಡಿಸುವುದಿಲ್ಲ: ಕೊಟ್ಟ ದಾನಕ್ಕೆ ರಸೀದಿ ಕೇಳುವ ದಾನಿ ಎಲ್ಲಿಯೂ ಇಲ್ಲ.

ವೈದ್ಯಕೀಯ ಸಂಶೋಧನಾ ಮಂಡಳಿಯ ಹಿಂದಿನ ಹೆಸರಿನಲ್ಲಿ ಹಣದ ಮಾತು ನೇರವಾಗಿಯೇ ಇತ್ತು. 1911ರಲ್ಲಿ ಅದು ಹುಟ್ಟಿದ್ದು ‘ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್’ ಎಂದು. ಈಗಿನ ಹೆಸರು ಬಂದದ್ದು 1949ರಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಊರವರು ಜ್ವರದಿಂದ ಮಲಗಿದಾಗ ಕಾಯಿಲೆಯ ವೈರಸ್ಸನ್ನು ಗುರುತಿಸಿದ ಪುಣೆಯ ವೈರಸ್ ಸಂಶೋಧನಾ ಕೇಂದ್ರವು ಈ ಮಂಡಳಿಯೂ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಸೇರಿ ನಡೆಸುತ್ತಿದ್ದ ಸಂಸ್ಥೆ. ಒಂದು ಸರ್ಕಾರದ ಹಣ, ಇನ್ನೊಂದು ನಿಜಾರ್ಥದಲ್ಲಿ ದತ್ತಿಯ ಹಣ. ಎರಡನ್ನೂ ಒಟ್ಟಿಗೆ ಹೇಳಬಲ್ಲ ಕ್ರಿಯಾಪದ ಕನ್ನಡದಲ್ಲಿ ಯಾವುದು? ‘ಹಣ ಹೂಡು’ ಎಂದರೆ ಲಾಭದ ವಾಸನೆ ಬರುತ್ತದೆ. ‘ಪ್ರಾಯೋಜಿಸು’ ಎಂದೊಡನೆ ಜನರಿಗೆ ನೆನಪಾಗುವುದು ಟೀವಿಯ ಸಾಬೂನು. ಅಷ್ಟಲ್ಲದೆ ಪ್ರಾಯೋಜಕ, ಪ್ರಯೋಜನ, ಪ್ರಯೋಗ ಮೂರೂ ಒಂದೇ ಪುಟದಲ್ಲಿ ಬಂದರೆ ಓದಿ ಹೇಳುವವರ ನಾಲಿಗೆಯೇ ತೊಡರುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟು ‘ಅನುದಾನ’ದ ಕತೆ. ಇದರ ಪಕ್ಕದಲ್ಲೇ ನಿಲ್ಲುವ ಇನ್ನೊಂದು ಪದ ಅಧ್ಯಯನದ ಮುಖ್ಯಸ್ಥರದು, ಕಾಲೇಜಿನವರು ‘ಪಿ.ಐ.’ (ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್) ಎಂದು ಕರೆಯುವವರದು. ಯಂತ್ರಾನುವಾದದಿಂದ ಬಂದ ಒಂದು ಸಮ್ಮತಿ ಪತ್ರವನ್ನು ತಿದ್ದಲು ನನಗೆ ಕೊಟ್ಟಿದ್ದರು. ಅದರಲ್ಲಿ ಆ ವೈದ್ಯೆ ‘ಪ್ರಧಾನ ತನಿಖಾಧಿಕಾರಿ’ಯಾಗಿದ್ದರು. “ತಮಗೆ ಸಂದೇಹವಿದ್ದಲ್ಲಿ ಪ್ರಧಾನ ತನಿಖಾಧಿಕಾರಿಯವರನ್ನು ಸಂಪರ್ಕಿಸುವುದು” ಎಂಬ ವಾಕ್ಯವನ್ನು ಓದಿದವರು ಫೋನ್ ಮಾಡುವ ಬದಲು ವಕೀಲರನ್ನು ಹುಡುಕಿಯಾರು. ಅದೇ ಪತ್ರದಲ್ಲಿ ಚಿಕಿತ್ಸೆಯ ಪ್ರಯೋಗ, ಅಂದರೆ ಇಂಗ್ಲಿಷಿನ ‘ಟ್ರಯಲ್’, ‘ವಿಚಾರಣೆ’ಯಾಗಿತ್ತು, ಹಾಗಾಗಿ ತನಿಖಾಧಿಕಾರಿ ನಡೆಸುವ ವಿಚಾರಣೆಗೆ ಒಪ್ಪಿ ರುಜು ಹಾಕಿರೆಂದು ರೋಗಿಗಳನ್ನು ಕೇಳಿದಂತಾಗಿತ್ತು. ತನಿಖಾಧಿಕಾರಿಯನ್ನು ‘ಪ್ರಧಾನ ಸಂಶೋಧಕರು’ ಎಂದು ತಿದ್ದಿದೆ. ಅದರ ಬಗ್ಗೆ ನನಗೆ ಅನುಮಾನವಿಲ್ಲ. ಊರಿನಲ್ಲಿ ಓದುವಾಗ ‘ಈ ಅಧ್ಯಯನ ನಡೆಸುವ ಡಾಕ್ಟರು’ ಎಂದರೆ ಇನ್ನೂ ಸಲೀಸು.

‘ಸಂಶೋಧನೆ’ಯ ಬಗ್ಗೆ ಒಂದು ಉಪಕಥೆ. ಈ ಪದ ನಮಗೂ ಮರಾಠಿಯವರಿಗೂ ಒಂದೇ ಅರ್ಥದ್ದು, ಆದರೆ ಹಿಂದಿಯಲ್ಲಿ ಅದು ತಿದ್ದುಪಡಿ. ಸಂವಿಧಾನದ ‘ಸಂಶೋಧನ’ವೆಂದರೆ ಅವರಿಗೆ ಸಂವಿಧಾನದ ತಿದ್ದುಪಡಿ. ಮಂಡಳಿಯ ಹಿಂದಿ ಹೆಸರಿನಲ್ಲಿರುವುದು ‘ಅನುಸಂಧಾನ’. ಕನ್ನಡದಲ್ಲಿ ಅನುಸಂಧಾನವೆಂದರೆ ಮನಸ್ಸನ್ನು ಒಂದರಲ್ಲಿ ನೆಲೆಗೊಳಿಸುವುದು, ಲಿಂಗಾನುಸಂಧಾನವೆಂದಂತೆ. ಹಿಂದಿ ನಮೂನೆಯನ್ನು ನೋಡಿಕೊಂಡು ಕನ್ನಡ ಮಾಡುವವರು ಇಲ್ಲಿ ಎಡವುತ್ತಾರೆ.

ಅಧ್ಯಯನಕ್ಕೆ ಒಳಗಾಗುವವರನ್ನು ಏನೆನ್ನಬೇಕು? ಇಂಗ್ಲಿಷಿನ ‘ಹ್ಯೂಮನ್ ಸಬ್ಜೆಕ್ಟ್ಸ್’ ಅನ್ನು ಯಂತ್ರವು ‘ಮಾನವ ವಿಷಯಗಳು’ ಎಂದಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. 1964ರಿಂದ ಇದ್ದ ಹೆಲ್ಸಿಂಕಿ ಘೋಷಣೆಯೇ 2024ರ ಪರಿಷ್ಕರಣೆಯಲ್ಲಿ ಆ ಹಳೆಯ ಇಂಗ್ಲಿಷ್ ಪದವನ್ನು ಕೈಬಿಟ್ಟು, ಭಾಗವಹಿಸುವವರು ಎಂಬರ್ಥದ ಪದವನ್ನು ಎಲ್ಲ ಕಡೆಯೂ ತಂದಿದೆ. ನಾನು ‘ಭಾಗವಹಿಸುವವರು’ ಎನ್ನುತ್ತೇನೆ. ಉದ್ದವಾಯಿತು, ನಿಜ; ಆದರೆ ‘ಭಾಗೀದಾರ’ ಎಂದರೆ ಆಸ್ತಿಯ ಪಾಲು ನೆನಪಾಗಿ ಅಜ್ಜಿ ಮತ್ತೆ ಪಾಸ್‌ಬುಕ್ ತರಬೇಕಾದೀತು.

ಕಚೇರಿಯ ಒಳಗಿನ ಪದಗಳಲ್ಲಿ ನನಗೆ ಅಷ್ಟು ತೊಂದರೆಯಿಲ್ಲ. ಮಂಜೂರಾತಿ, ಲೆಕ್ಕಶೀರ್ಷಿಕೆ, ಆವರ್ತಕ ಮತ್ತು ಅನಾವರ್ತಕ ವೆಚ್ಚ ಇವೆಲ್ಲ ಸವೆದು ನಯವಾಗಿರುವ ಪದಗಳು. ಸಣ್ಣಪುಟ್ಟ ಖರ್ಚಿಗೆ ಇರುವ ‘ಸಾದಿಲ್ವಾರು’ ಅಂತೂ ಎಷ್ಟು ಮುದ್ದಾಗಿದೆಯೆಂದರೆ, ಲೆಕ್ಕಪತ್ರ ವಿಭಾಗದ ಹೊಸ ಹುಡುಗರಿಗೆ ಅದು ಗೊತ್ತಿಲ್ಲವೆಂದಾಗ ನನಗೆ ಬೇಸರವಾಯಿತು. ಒಂದೇ ಒಂದು ತೊಡಕು ‘ಪ್ರಸ್ತಾವನೆ’ಯದು. ನಾವು ಇಲಾಖೆಗೆ ಸಲ್ಲಿಸುವುದೂ ಪ್ರಸ್ತಾವನೆ, ಇಲಾಖೆ ಹೊರಡಿಸುವ ಸರ್ಕಾರಿ ಆದೇಶದ ಪೀಠಿಕೆಗೂ ‘ಪ್ರಸ್ತಾವನೆ’ ಎಂದೇ ತಲೆಬರಹ. ಹೀಗಾಗಿ “ಪ್ರಸ್ತಾವನೆಯಲ್ಲಿ ವಿವರಿಸಿರುವಂತೆ” ಎಂದಿರುವ ಕಡೆ ಅದು ಯಾರ ಪ್ರಸ್ತಾವನೆಯೆಂದು ಎರಡು ಬಾರಿ ನೋಡಬೇಕಾಗುತ್ತದೆ. ಸಲ್ಲಿಸುವುದನ್ನು ‘ಪ್ರಸ್ತಾವ’ ಎಂದಷ್ಟೇ ಬರೆಯುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಹೊಸ ಅರ್ಜಿಯ ಮಾಹಿತಿ ಪತ್ರದಲ್ಲಿ ‘ಅನುದಾನ’ವನ್ನು ಬಿಟ್ಟು ಹೀಗೆ ಬರೆದೆ: “ಈ ಅಧ್ಯಯನದ ಖರ್ಚನ್ನು ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಕೊಡುತ್ತದೆ. ಆ ಹಣ ಪರೀಕ್ಷೆಗಳಿಗೆ ಮತ್ತು ಕೆಲಸ ಮಾಡುವವರಿಗೆ ಮಾತ್ರ. ಇದರಲ್ಲಿ ಭಾಗವಹಿಸುವುದಕ್ಕಾಗಿ ನಿಮಗೆ ಹಣ ಕೊಡುವುದಿಲ್ಲ, ನಿಮ್ಮಿಂದ ಹಣ ತೆಗೆದುಕೊಳ್ಳುವುದೂ ಇಲ್ಲ.” ಇಂಗ್ಲಿಷಿಗೆ ತಿರುಗಿಸಿದಾಗ ಮೂಲದಲ್ಲಿದ್ದ ಒಂದು ಪದ ಕಾಣೆಯಾಗಿ, ಮೂಲದಲ್ಲಿಲ್ಲದ ಎರಡು ವಾಕ್ಯಗಳು ಕಾಣಿಸಿಕೊಂಡವು. ತಾಳೆಯಾಗಲಿಲ್ಲವೆಂದು ಸಮಿತಿಯ ಟಿಪ್ಪಣಿ ಬಂದಿದೆ. ಅಜ್ಜಿಗೆ ಅರ್ಥವಾಗದ ವಾಕ್ಯ ಪಾಸಾಗಿ, ಅರ್ಥವಾಗುವ ವಾಕ್ಯ ನಪಾಸಾಯಿತು. ಸಮಿತಿಯವರನ್ನು ದೂರುತ್ತಿಲ್ಲ; ಅವರ ಮುಂದಿರುವುದು ಎರಡು ಇಂಗ್ಲಿಷ್ ಪ್ರತಿಗಳು, ನಡುವಿನ ಕನ್ನಡವಲ್ಲ. ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯ ಸದಸ್ಯರೊಬ್ಬರು ಇರುತ್ತಾರೆ, ಇರಲೇಬೇಕು. ಕನ್ನಡ ಪ್ರತಿಯನ್ನು ಅವರಿಂದ ಗಟ್ಟಿಯಾಗಿ ಓದಿಸಿ ಎಂದು ಉತ್ತರ ಬರೆಯಬೇಕೆಂದಿದ್ದೇನೆ.

ಆದ್ದರಿಂದ ಬಳಗದವರನ್ನು ಕೇಳುವುದು ಇಷ್ಟು. ಕೊಟ್ಟವರು ಲೆಕ್ಕ ಕೇಳುವ, ಪಡೆದವರು ನಿಗದಿಯಾದ ಕೆಲಸಕ್ಕೇ ಬಳಸಬೇಕಾದ, ಉಳಿದದ್ದನ್ನು ಹಿಂದಿರುಗಿಸಬೇಕಾದ ಹಣಕ್ಕೆ ನಿಮ್ಮ ಕಡೆಯ ಆಡುಮಾತಿನಲ್ಲಿ ಪದವೇನಾದರೂ ಇದೆಯೇ? ಸಹಕಾರ ಸಂಘಗಳಲ್ಲಿ, ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗಳಲ್ಲಿ, ಶಾಲಾಭಿವೃದ್ಧಿ ಸಮಿತಿಗಳಲ್ಲಿ ಇಂಥ ಹಣದ ವ್ಯವಹಾರ ನಡೆದೇ ಇರುತ್ತದೆ. ಅಲ್ಲಿಯವರು ಬಾಯಿಮಾತಿನಲ್ಲಿ ಏನನ್ನುತ್ತಾರೆ? ಹಾಗೆಯೇ, ಆಡಳಿತದ ಅರ್ಥದಲ್ಲಿ ‘ಅನುದಾನ’ ಕನ್ನಡದಲ್ಲಿ ಯಾವಾಗಿನಿಂದ ಬಳಕೆಗೆ ಬಂತೆಂದು ಬಲ್ಲವರು, ಮೈಸೂರು ಸಂಸ್ಥಾನದ ಕಾಲದ ಕಡತಗಳನ್ನು ನೋಡಿದವರು, ಉದಾಹರಣೆ ಸಮೇತ ತಿಳಿಸಿದರೆ ಸಮಿತಿಗೆ ಬರೆಯುವ ಉತ್ತರದಲ್ಲಿ ಅದನ್ನೂ ಸೇರಿಸುತ್ತೇನೆ. ಪರಿಷ್ಕೃತ ಪ್ರತಿಯನ್ನು ಒಪ್ಪಿಸಲು ಮೂರು ವಾರಗಳ ಸಮಯವಿದೆ.