ಅಪ್‌ಡೇಟ್: ಗ್ಯಾಸ್ ಅನಲೈಸರ್‌ನಲ್ಲಿ ಆಕ್ಸಿಜನ್ ಜಾಸ್ತಿ ತೋರಿಸುತ್ತಿದ್ದದ್ದು ಸರಿಹೋಯ್ತು

ತುಮಕೂರಿನ ನಮ್ಮ ಗ್ಯಾರೇಜಿನ ಅನಲೈಸರ್ (ಗಾಡಿ ಹೊಗೆಯಲ್ಲಿ ಯಾವ ಗ್ಯಾಸ್ ಎಷ್ಟಿದೆ ಅಂತ ಅಳೆಯೋ ಮೆಷಿನ್) ಬಗ್ಗೆ ಕೇಳಿದ್ದೆನಲ್ಲ, ಯಾವ ಪೆಟ್ರೋಲ್ ಕಾರಿಗೆ ಹಾಕಿದರೂ ಆಕ್ಸಿಜನ್ 6%, ಕಾರ್ಬನ್ ಡೈಆಕ್ಸೈಡ್ 10% ಹತ್ತಿರವೇ ನಿಲ್ಲುತ್ತೆ ಅಂತ. ಈಗ ಸರಿಯಾಗಿದೆ.

ಫಿಲ್ಟರ್ ಬದಲಿಸಿದೆ, ಏನೂ ಆಗಲಿಲ್ಲ. ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದವರೂ ಇದ್ದರು. ಆದರೆ ಕಾರ್ಬನ್ ಡೈಆಕ್ಸೈಡೂ ಕಡಿಮೆ ಬರುತ್ತಿತ್ತು, ಅದನ್ನು ಅಳೆಯೋದು ಬೇರೆಯೇ ಇನ್‌ಫ್ರಾರೆಡ್ ಸೆನ್ಸರ್. ಎರಡೂ ಒಟ್ಟಿಗೆ ಕೆಡೋದು ಅಪರೂಪ ಅಲ್ವಾ? ಸುಮ್ನೆ ಖರ್ಚು ಯಾಕೆ ಅಂತ ಬಿಟ್ಟೆ.

ಕೆಲಸಕ್ಕೆ ಬಂದದ್ದು ಸೈಲೆನ್ಸರ್ ಒಳಗೆ ಹಾಕೋ ಪ್ರೋಬ್‌ನ ತುದಿ ಮುಚ್ಚಿ ಲೀಕ್ ಟೆಸ್ಟ್ ಮಾಡಿ ಅಂದ ಅಣ್ಣನ ಸಲಹೆ. ಟೆಸ್ಟ್ ಫೇಲ್. ಪೈಪ್ ಚೆನ್ನಾಗೇ ಇತ್ತು. ಹೊಗೆಯಲ್ಲಿನ ನೀರು ಹಿಡಿಯೋ ವಾಟರ್ ಟ್ರ್ಯಾಪ್ ಬಿಚ್ಚಿದರೆ ಅದರ ಓ-ರಿಂಗ್ (ಸೀಲ್ ಮಾಡೋ ರಬ್ಬರ್ ಉಂಗುರ) ಒಂದು ಕಡೆ ಚಪ್ಪಟೆಯಾಗಿ, ಕೂದಲೆಳೆಯಷ್ಟು ಸೀಳಿತ್ತು. ಮೆಷಿನ್ ಪಂಪ್ ಹೊಗೆ ಜೊತೆ ಅಲ್ಲಿಂದ ಹೊರಗಿನ ಗಾಳಿನೂ ಎಳೆಯುತ್ತಿತ್ತು. ಅದೇ ಸೈಜಿನದು ಬಿ.ಎಚ್. ರಸ್ತೆಯಲ್ಲಿ ಟೀ ಕಾಸಿಗೆ ಸಿಕ್ಕಿತು. ಈಗ ಕಾರ್ಬನ್ ಡೈಆಕ್ಸೈಡ್ 14.8%, ಆಕ್ಸಿಜನ್ ಅರ್ಧ ಪರ್ಸೆಂಟೂ ಇಲ್ಲ.

ಇನ್ನೊಂದು ವಿಷಯ ಗೊತ್ತಾಯ್ತು. ಆಮೇಲೂ ಒಂದು ಹಳೇ ಕಾರು ಆಕ್ಸಿಜನ್ ಜಾಸ್ತಿ ತೋರಿಸಿತು. ನೋಡಿದರೆ ಸೈಲೆನ್ಸರ್ ಜಾಯಿಂಟ್‌ನಲ್ಲೇ ತೂತು. ಮೆಷಿನ್ ಲೀಕ್ ಆದರೆ ಎಷ್ಟು ರೇಸ್ ಮಾಡಿದರೂ ಅಂಕಿ ಹೆಚ್ಚುಕಡಿಮೆ ಅಷ್ಟೇ. ಸೈಲೆನ್ಸರ್ ಲೀಕ್ ಆದರೆ ಐಡಲ್‌ನಲ್ಲಿ ಜಾಸ್ತಿ, 2500 ಆರ್‌ಪಿಎಂಗೆ ಏರಿಸಿದರೆ ಇಳಿಯುತ್ತದೆ.